‘ಫಾರ್ನ್‌ಹ್ಯಾಮ್ಸ್ ಫ್ರೀಹೋಲ್ಡ್’: ಜೋ ಎಂಬ ಪಾತ್ರ ಮತ್ತು ಲೇಖಕರ ಹಿಂಜರಿತ

ರಾಬರ್ಟ್ ಹೈನ್‌ಲೈನ್ ಅವರ ‘ಫಾರ್ನ್‌ಹ್ಯಾಮ್ಸ್ ಫ್ರೀಹೋಲ್ಡ್’ 1964ರಲ್ಲಿ ‘ಇಫ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಅದೇ ವರ್ಷ ಪುಸ್ತಕವಾಯಿತು. ಅಮೆರಿಕದ ನಾಗರಿಕ ಹಕ್ಕು ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ್ದು ಆ ವರ್ಷದ ಜುಲೈ 2ರಂದು. ಇದು ವರ್ಣದ್ವೇಷದ ಕಾದಂಬರಿಯೋ, ವರ್ಣದ್ವೇಷವನ್ನು ಖಂಡಿಸುವ ಕಾದಂಬರಿಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಲೇಖಕರ ಉದ್ದೇಶದ ಸುತ್ತಲೇ ವಾದಿಸುತ್ತ ಹೋದರೆ ಮುಗಿಯುವಂತೆಯೂ ಇಲ್ಲ. ಜೋ ಎಂಬ ಪಾತ್ರದ ಬೆನ್ನು ಹತ್ತಿ ಓದಿದಾಗ ಕಾದಂಬರಿ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂಬುದು ತಿಳಿಯುತ್ತದೆ.

ಅಣುಬಾಂಬಿನ ದಾಳಿಯಾದಾಗ ಹ್ಯೂ ಫಾರ್ನ್‌ಹ್ಯಾಮ್ ತನ್ನ ಕುಟುಂಬ, ಮಗಳ ಗೆಳತಿ ಬಾರ್ಬರಾ ಮತ್ತು ಮನೆಗೆಲಸದ ಕಪ್ಪು ಯುವಕ ಜೋ ಜತೆ ನೆಲದಡಿಯ ಆಶ್ರಯತಾಣ ಸೇರುತ್ತಾನೆ. ಬಾಂಬಿನ ಹೊಡೆತ ಅವರನ್ನು ಎರಡು ಸಾವಿರ ವರ್ಷಗಳಾಚೆಗೆ ಎಸೆಯುತ್ತದೆ. ಅಲ್ಲಿ ಕಪ್ಪು ಜನ ಒಡೆಯರು, ಬಿಳಿಯರು ಗುಲಾಮರು. ಗುಲಾಮರನ್ನು ತೆಪ್ಪಗಿಡಲು ಮತ್ತು ಬರಿಸುವ ಪೇಯವೊಂದನ್ನು ಧಾರಾಳವಾಗಿ ಕುಡಿಸುತ್ತಾರೆ. ನಿನ್ನೆಯವರೆಗೆ ಆಳಾಗಿದ್ದ ಜೋ ಈಗ ಆಳುವವರ ಸಾಲಿನಲ್ಲಿ ಕೂರುತ್ತಾನೆ.

ಇದನ್ನು ಸಹಿಸದ ಹ್ಯೂ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಕಪ್ಪು ಮನುಷ್ಯನಾಗಿ ಅಲಬಾಮಾದಲ್ಲಿ ಎಂದಾದರೂ ಬಸ್ಸು ಹತ್ತಿದ್ದೀರಾ ಎಂದು ಜೋ ಕೇಳುತ್ತಾನೆ. ಇಲ್ಲವೆಂದಾದರೆ ಗೊತ್ತಿಲ್ಲದ್ದರ ಬಗ್ಗೆ ಬಾಯಿಮುಚ್ಚಿಕೊಂಡಿರಿ ಎಂಬ ಅರ್ಥದಲ್ಲಿ ಗದರುತ್ತಾನೆ. 1961ರ ಮೇ ತಿಂಗಳಲ್ಲಿ, ಬಸ್ಸುಗಳಲ್ಲಿನ ವರ್ಣಭೇದವನ್ನು ಪ್ರತಿಭಟಿಸಿ ಹೊರಟ ‘ಫ್ರೀಡಂ ರೈಡರ್’ಗಳ ಬಸ್ಸಿಗೆ ಅಲಬಾಮಾದ ಆನಿಸ್ಟನ್ ಬಳಿ ಬೆಂಕಿ ಹಚ್ಚಲಾಗಿತ್ತು. ಆ ಸುದ್ದಿ ಓದಿದ್ದವರಿಗೆ ಈ ಮಾತು ನೇರವಾಗಿ ನಾಟಿರಬೇಕು. ಹ್ಯೂ ಬಳಿ ಉತ್ತರವಿಲ್ಲ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಘಳಿಗೆ ಮತ್ತೊಂದಿಲ್ಲ.

ಲೇಖಕರಿಗೆ ಮಾತ್ರ ಇಷ್ಟಕ್ಕೆ ನಿಲ್ಲುವ ಧೈರ್ಯವಾಗಲಿಲ್ಲ. ಅಧಿಕಾರ ಸಿಕ್ಕರೆ ಯಾವ ಬಣ್ಣದವರೂ ಹೀಗೆಯೇ ನಡೆದುಕೊಳ್ಳುತ್ತಾರೆ ಎಂಬುದು ಅವರ ವಾದ ಎಂದೇ ಒಪ್ಪೋಣ. ಆ ವಾದಕ್ಕೆ ಗುಲಾಮಗಿರಿಯೊಂದೇ ಸಾಕಾಗಿತ್ತು. ಅವರು ಒಡೆಯರನ್ನು ನರಭಕ್ಷಕರನ್ನಾಗಿಯೂ ಮಾಡಿದರು. ಬಿಳಿ ಗುಲಾಮರ ಮಾಂಸ ಅವರ ಊಟದ ತಟ್ಟೆಗೆ ಬರುತ್ತದೆ. ಆಫ್ರಿಕಾದವರ ಮೇಲೆ ಯುರೋಪಿನವರು ಶತಮಾನಗಳ ಕಾಲ ಹೊರಿಸಿದ ಅಪವಾದವೇ ಇದು. ಅಮೆರಿಕದ ಬಿಳಿ ಒಡೆಯರು ಮಾಡದ್ದನ್ನು ಕಪ್ಪು ಒಡೆಯರ ತಲೆಗೆ ಕಟ್ಟಿದ ಮೇಲೆ ‘ಎಲ್ಲರೂ ಒಂದೇ’ ಎಂಬ ವಾದ ಉಳಿಯುವುದಿಲ್ಲ. ‘ಸ್ಟಾರ್‌ಶಿಪ್ ಟ್ರೂಪರ್ಸ್’ನಲ್ಲಿ (1959) ಫಿಲಿಪಿನೋ ಮೂಲದ ಯುವಕನನ್ನು ನಾಯಕನನ್ನಾಗಿಸಿದ ಲೇಖಕರೇ ಇಲ್ಲಿ ಹೀಗೆ ಜಾರಿದ್ದು ಬೇಸರ ತರಿಸುತ್ತದೆ.

ಸ್ವಾತಂತ್ರ್ಯದ ಹಂಚಿಕೆಯೂ ಹೀಗೆಯೇ ಓರೆ. ಕೊನೆಗೆ ಹ್ಯೂ ಮತ್ತು ಬಾರ್ಬರಾ ತಮ್ಮ ಅವಳಿ ಮಕ್ಕಳೊಂದಿಗೆ ತಮ್ಮ ಕಾಲಕ್ಕೆ ಮರಳಿ, ಯುದ್ಧದಲ್ಲಿ ಬದುಕುಳಿದು ಸ್ವಂತ ನೆಲೆ ಕಟ್ಟಿಕೊಳ್ಳುತ್ತಾರೆ. ಶೀರ್ಷಿಕೆ ಹೇಳುವುದು ಆ ನೆಲೆಯನ್ನೇ. ಆ ನೆಲೆಯಲ್ಲಿ ಜೋಗೆ ಜಾಗವಿಲ್ಲ; ಅವನು ಭವಿಷ್ಯದಲ್ಲೇ ಉಳಿಯುತ್ತಾನೆ.

ಇದೇ ವಸ್ತುವನ್ನು ಬೇರೆ ರೀತಿಯಲ್ಲಿ ನಿಭಾಯಿಸಿದ 1979ರ ‘ಕಿಂಡ್ರೆಡ್’ ಕಾದಂಬರಿಯಲ್ಲಿ ಲೇಖಕಿ ಆಕ್ಟೇವಿಯಾ ಬಟ್ಲರ್ ಕಾಲಯಾನವನ್ನು ಹಿಮ್ಮುಖವಾಗಿಸಿ, 1976ರ ಕಪ್ಪು ಲೇಖಕಿ ಡೇನಾಳನ್ನು ಹತ್ತೊಂಬತ್ತನೆಯ ಶತಮಾನದ ಮೇರಿಲ್ಯಾಂಡ್‌ಗೆ ಒಯ್ದರು. ಗುಲಾಮರ ಒಡೆಯನಾಗಲಿರುವ ತನ್ನ ಬಿಳಿ ಪೂರ್ವಜನನ್ನು ಅವಳೇ ಮತ್ತೆ ಮತ್ತೆ ಬದುಕಿಸಬೇಕಾಗುತ್ತದೆ. ಅಧಿಕಾರ ಮನುಷ್ಯನನ್ನು ಕೆಡಿಸುವ ಬಗೆ ಅಲ್ಲಿ ಯಾವ ಅಪವಾದದ ನೆರವೂ ಇಲ್ಲದೆ ಕಾಣುತ್ತದೆ. ಹೈನ್‌ಲೈನ್ ಅವರ ಕಾದಂಬರಿಯನ್ನು ಕೈಗೆತ್ತಿಕೊಳ್ಳುವವರು ಇದನ್ನೂ ಜತೆಗಿಟ್ಟುಕೊಂಡು ಓದಬೇಕು.