ನಾಗಪುರದ ಹಿಸ್ಲಾಪ್

ನಾಗಪುರದಲ್ಲಿ ನೆಲೆಸಿದ ನಮ್ಮ ಕನ್ನಡ ಮನೆಗಳ ಮಕ್ಕಳಿಗೆ ಹಿಸ್ಲಾಪ್ ಎಂದರೆ ಕಾಲೇಜು. 1883ರಲ್ಲಿ ಆರಂಭವಾದ ಆ ಕಾಲೇಜಿನ ಹೆಸರಿನ ಹಿಂದಿರುವ ಸ್ಟೀಫನ್ ಹಿಸ್ಲಾಪ್ ಸ್ಕಾಟ್ಲೆಂಡಿನಿಂದ 1845ರಲ್ಲಿ ಇಲ್ಲಿಗೆ ಬಂದಾಗ 27 ವರ್ಷದ ತರುಣ. ಆಗ ಭೋಸಲೆಯರ ಆಳ್ವಿಕೆ. ಬಂದದ್ದು ಮತಪ್ರಚಾರಕ್ಕೆ, ದಿನಚರಿಯೆಂದರೆ ಮರಾಠಿ ಕಲಿಯುವುದು, ಶಾಲೆಯಲ್ಲಿ ಪಾಠ ಹೇಳುವುದು, ಹಳ್ಳಿ ಸುತ್ತುವುದು.

ವಿಜ್ಞಾನ ಓದಿದ ನಮ್ಮಂಥವರಿಗೆ ಹಿಡಿಸುವುದು ಆ ಸುತ್ತಾಟವೇ. ದಾರಿಯ ಕಲ್ಲನ್ನೂ ಅವರು ಬಿಡಲಿಲ್ಲ. ಊರ ಪಕ್ಕದ ಟಾಕಳಿಯಲ್ಲಿ ಲಾವಾ ಪದರಗಳ ನಡುವೆ ಸಿಹಿನೀರಿನ ಚಿಪ್ಪು, ಗಿಡಗಳ ಪಳೆಯುಳಿಕೆಗಳು ಸಿಕ್ಕವು. ಸಹೋದ್ಯೋಗಿ ರಾಬರ್ಟ್ ಹಂಟರರೊಡನೆ ಬರೆದ ಲೇಖನ 1855ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹಿಸ್ಲಾಪೈಟ್ ಎಂಬ ಹಸಿರು ಖನಿಜಕ್ಕೂ ಅವರದೇ ಹೆಸರು.

ನಮ್ಮ ಮಟ್ಟಿಗೆ ಅದಕ್ಕೂ ಮಿಗಿಲಾದದ್ದು ಗೊಂಡರ ಮಾತು, ಹಾಡುಗಳ ಸಂಗ್ರಹ. ಗೊಂಡಿ ಕನ್ನಡದ ಬಳಗದ್ದೇ ಭಾಷೆಯಲ್ಲವೇ. ಕೈಗೆ ಅವರೂ ಕೈ ಎನ್ನುತ್ತಾರೆ! ಆದರೆ ಬರೆದಿಡುವವರು ಆಗ ವಿರಳ.

1863ರ ಸೆಪ್ಟೆಂಬರ್ 4ರಂದು ಟಾಕಳಘಾಟಿನ ಪುರಾತನ ಕಲ್ಲುವೃತ್ತಗಳನ್ನು ನೋಡಿ ಮರಳುವಾಗ, ಮಳೆಗೆ ಉಕ್ಕಿದ ಹೊಳೆಯಲ್ಲಿ ಹಿಸ್ಲಾಪ್ ಮುಳುಗಿಹೋದರು. ನಮ್ಮ ಕಿಟ್ಟೆಲರಿಗೆ 1894ರಲ್ಲಿ ನಿಘಂಟನ್ನು ಅಚ್ಚಿನಲ್ಲಿ ಕಾಣುವಷ್ಟು ಆಯುಸ್ಸಿತ್ತು, ಇವರಿಗಿರಲಿಲ್ಲ. ಉಳಿದ ಕಾಗದಗಳನ್ನು ರಿಚರ್ಡ್ ಟೆಂಪಲ್ 1866ರಲ್ಲಿ ಪ್ರಕಟಿಸಿದರು. ಗೊಂಡರ ಲಿಂಗೋವಿನ ಹಾಡು ಅದರಲ್ಲಿದೆ.