ಪದರಿನ ಬಿಸ್ಕತ್ತು: ಹಾಸನ ಸೀಮೆಯ ಬೇಕರಿ ಚರಿತ್ರೆಯ ಒಂದು ಎಳೆ

ಬೇಕರಿಯ ಖಾರಿಯನ್ನು ಚಿರೋಟಿಯ ವಂಶಕ್ಕೆ ಸೇರಿಸುವವರಿದ್ದಾರೆ. ಎರಡರಲ್ಲೂ ಪದರಗಳಿವೆ, ಎರಡೂ ಮುಟ್ಟಿದರೆ ಉದುರುತ್ತವೆ. ಆದರೆ ಬಾಣಾವರ, ಅರಸೀಕೆರೆ, ಬೇಲೂರು ಕಡೆಯ ಮದುವೆಮನೆಯ ಚಿರೋಟಿಯನ್ನೂ ಬೇಕರಿಯ ಖಾರಿಯನ್ನೂ ಮಾಡುವ ಕ್ರಮದಿಂದ ಅಳೆದರೆ ಈ ನಂಟು ನಿಲ್ಲುವುದಿಲ್ಲ.

ಚಿರೋಟಿಗೆ ತೆಳ್ಳನೆಯ ಹಾಳೆಗಳನ್ನು ಲಟ್ಟಿಸಿ, ತುಪ್ಪದಲ್ಲಿ ಅಕ್ಕಿಹಿಟ್ಟು ಕಲಸಿದ ಸಾಟಿ ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತುತ್ತಾರೆ. ಬಿಲ್ಲೆ ಕತ್ತರಿಸಿ, ಮತ್ತೆ ಲಟ್ಟಿಸಿ ಕರಿಯುತ್ತಾರೆ. ಪದರ ಬಿಡಿಸುವುದು ಕಾದ ಎಣ್ಣೆ. ಖಾರಿಯಲ್ಲಿ ಸುರುಳಿಯಿಲ್ಲ, ಮಡಿಕೆಯಿದೆ. ಮೈದಾ ಕಣಕದೊಳಗೆ ಗಟ್ಟಿ ಕೊಬ್ಬನ್ನು ಹಾಳೆಯಾಗಿ ಹರಡಿ, ಮೂರು ಮಡಿಕೆ ಹಾಕಿ ಲಟ್ಟಿಸಿ ಮತ್ತೆ ಮಡಿಸಬೇಕು. ಐದನೆಯ ಸಲಕ್ಕೆ ಕೊಬ್ಬಿನ ಪದರಗಳು 243 ಆಗಿರುತ್ತವೆ. ಒಲೆಯಲ್ಲಿ ಕಣಕದ ನೀರು ಆವಿಯಾಗಿ ಈ ಪದರಗಳನ್ನು ಎತ್ತುತ್ತದೆ. ಸೋಡಾ, ಈಸ್ಟಿನ ಹಂಗಿಲ್ಲ. ಆಮೇಲೆ ತಗ್ಗಿದ ಕಾವಿನಲ್ಲಿ ಒಳಗಿನ ತೇವ ಪೂರ್ತಿ ಆರಬೇಕು. ಆರದಿದ್ದರೆ ನಡುವೆ ಅಂಟಂಟಾದ ಒಂದು ಪಟ್ಟೆ ಉಳಿದುಬಿಡುತ್ತದೆ.

ಈ ಮಡಿಸುವ ವಿದ್ಯೆ ಯುರೋಪಿನದು. ಫ್ರಾನ್ಸಿನಲ್ಲಿ 1653ರಲ್ಲಿ ಪ್ರಕಟವಾದ ‘ಲ ಪಾತಿಸಿಯೆ ಫ್ರಾನ್ಸ್ವಾ’ದಲ್ಲಿ ಇದರ ವಿಧಾನವಿದೆ. ನಮ್ಮ ಸೆಕೆಗೆ ಬೆಣ್ಣೆ ಲಟ್ಟಿಸುವಷ್ಟರಲ್ಲೇ ಕರಗುತ್ತದೆ. ಹಾಗಾಗಿ 1937ರಲ್ಲಿ ಡಾಲ್ಡಾ ಬಂದು, ವನಸ್ಪತಿ ಪೇಟೆಪೇಟೆಗೂ ಹಬ್ಬಿದ್ದನ್ನು ಈ ಬಿಸ್ಕತ್ತಿನ ಚರಿತ್ರೆಯಲ್ಲಿ ದೊಡ್ಡ ತಿರುವೆಂದೇ ನಾನು ಎಣಿಸುತ್ತೇನೆ.

ವಿದ್ಯೆಯನ್ನು ಇಲ್ಲಿನವರದಾಗಿಸಿದವರು ಹಾಸನ ಸೀಮೆಯ ಅಯ್ಯಂಗಾರರು. ಹಾಸನ ಮೂಲದ ಎಚ್.ಎಸ್. ತಿರುಮಲಾಚಾರ್ ಅಣ್ಣತಮ್ಮಂದಿರ ಜೊತೆ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಮೊದಲು ಸಿಹಿತಿಂಡಿ ಅಂಗಡಿಯಾಗಿದ್ದ ಅಲ್ಲಿಗೆ ಬರುತ್ತಿದ್ದ ಇಂಗ್ಲಿಷ್ ಗಿರಾಕಿಯೊಬ್ಬರಿಂದ ಅವರು ಬೇಯಿಸುವುದನ್ನು ಕಲಿತರೆಂಬ ಸಂಗತಿ ಬಾಯಿಂದ ಬಾಯಿಗೆ ಬಂದಿದೆ. ಮುಂದೆ ಹಾಸನ ಜಿಲ್ಲೆಯ ಹಳ್ಳಿಗಳ ನೆಂಟರಿಷ್ಟರು ಒಬ್ಬರ ಕೈಕೆಳಗೆ ಒಬ್ಬರು ಪಳಗಿ ರಾಜ್ಯದ ಉದ್ದಗಲಕ್ಕೂ ಬೇಕರಿ ಹಾಕಿದರು. ಮೊಟ್ಟೆ ಮುಟ್ಟದ ಈ ಬೇಕರಿಗಳಿಗೆ, ಮೊಟ್ಟೆಯಿಲ್ಲದೆಯೇ ಉಬ್ಬುವ ಪದರಿನ ಕಣಕ ಚೆನ್ನಾಗಿ ಒದಗಿಬಂತು.

ಖಾರಿ ಬಾಣಾವರಕ್ಕೆ ಬಂದಿರಬಹುದಾದ ಇನ್ನೊಂದು ದಾರಿಯೂ ಉಂಟು. ಊರು ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲಿದೆ. ಹುಬ್ಬಳ್ಳಿಯಿಂದಾಚೆಗೆ ಪುಣೆ, ಮುಂಬೈ. ಅಲ್ಲಿನ ಇರಾನಿ ಹೋಟೆಲುಗಳಲ್ಲಿ ಚಹಾಕ್ಕೆ ಅದ್ದುವ ಖಾರಿ ಬಹು ಹಿಂದಿನಿಂದ ಬಳಕೆಯಲ್ಲಿದೆ. ಅಯ್ಯಂಗಾರ್ ಬೇಕರಿಯಲ್ಲಿ ಖಾರ ಬಿಸ್ಕತ್ತು ಕೇಳಿದರೆ ಸಿಗುವುದು ಅದಲ್ಲ: ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಬೆರೆಸಿದ, ಪದರವೇ ಇಲ್ಲದ ಗರಿಗರಿ ಬಿಲ್ಲೆ. ಸಂಶೋಧಕರು ಇವೆರಡನ್ನೂ ಒಂದೇ ಪಟ್ಟಿಗೆ ಸೇರಿಸಿ ಚರಿತ್ರೆಯನ್ನು ಗೋಜಲು ಮಾಡಬಾರದು.

ಪದರಿನ ಕಣಕದ ಖಾರದ ಬಗೆಗಳಲ್ಲಿ ಓಂಕಾಳು, ಜೀರಿಗೆ ಹಾಕಿದ ಖಾರಿಯಿದೆ. ಸಿಹಿಗೆ ಮೇಲೆ ಸಕ್ಕರೆ ಉದುರಿಸಿ ಬೇಯಿಸಿದ್ದು, ಕ್ರೀಮ್ ರೋಲ್. ದಿಲ್‌ಪಸಂದ್‌ನ ಕಥೆಯೇ ಬೇರೆ. ಅದರ ಹೊಟ್ಟೆಯಲ್ಲಿರುವುದು ತೆಂಗಿನತುರಿ, ಸಕ್ಕರೆ, ಟೂಟಿಫ್ರೂಟಿ. ಅರಸೀಕೆರೆ ತಾಲ್ಲೂಕು ತೆಂಗಿನ ಸೀಮೆ, ಕೊಬ್ಬರಿಗೆ ಹೆಸರಾದ ತಿಪಟೂರು ಪಕ್ಕದಲ್ಲೇ ಇದೆ; ಪರದೇಶದ ಹೊದಿಕೆಯೊಳಗೆ ಈ ನೆಲದ ಬೆಳೆ ಸೇರಿದ್ದು ಸಹಜ. ಪಫ್‌ನೊಳಗೂ ಹೀಗೆಯೇ ನಮ್ಮ ಆಲೂಗಡ್ಡೆ–ಈರುಳ್ಳಿ ಪಲ್ಯ ಹೊಕ್ಕಿತು. ದೋಸೆಯ ಪಲ್ಯಕ್ಕಿಂತ ಅದನ್ನು ಉದುರಾಗಿ ಹುರಿದಿರುತ್ತಾರೆ. ನೀರು ಬಿಟ್ಟುಕೊಂಡರೆ ತಳದ ಪದರಗಳು ಏಳುವುದೇ ಇಲ್ಲ.