ಶಾಮನೂರು ದಾವಣಗೆರೆ ಡೈಮಂಡ್ಸ್: ತವರಿನಲ್ಲಿ ಆಡದ ತವರು ತಂಡ

ಶಾಮನೂರು ದಾವಣಗೆರೆ ಡೈಮಂಡ್ಸ್ ಎಂಬುದು ಕರ್ನಾಟಕ ಪ್ರೀಮಿಯರ್ ಲೀಗ್ ಟ್ವೆಂಟಿ-20 ಕ್ರಿಕೆಟ್ ಟೂರ್ನಿಯಲ್ಲಿ 2009 ಹಾಗೂ 2010ರಲ್ಲಿ ಆಡಿದ ವೃತ್ತಿಪರ ತಂಡ. ದಾವಣಗೆರೆ ಜಿಲ್ಲೆಯ ಹೆಸರು ಹೊತ್ತು ಹಣಕ್ಕಾಗಿ ಆಡುವ ಆಟಗಾರರ ತಂಡವೊಂದು ರಾಜ್ಯ ಮಟ್ಟದ ಲೀಗ್‌ನಲ್ಲಿ ಕಣಕ್ಕಿಳಿದದ್ದು ಈ ಎರಡು ಋತುಗಳಲ್ಲಿ ಮಾತ್ರ. ಲೀಗ್ 2014ರಲ್ಲಿ ಮರುಜೀವ ಪಡೆದಾಗ ದಾವಣಗೆರೆಯ ಹೆಸರು ಪಟ್ಟಿಯಲ್ಲಿರಲಿಲ್ಲ. ಆ ಲೀಗ್ ನಿಂತು 2022ರಲ್ಲಿ ಮಹಾರಾಜ ಟ್ರೋಫಿ ಆರಂಭವಾದಾಗಲೂ ಇರಲಿಲ್ಲ. ಕಪ್ಪನ್ನಾಗಲೀ ದಾಖಲೆಯನ್ನಾಗಲೀ ಬಿಟ್ಟುಹೋಗದ ಈ ತಂಡದ ಕಥೆ ಚಿಕ್ಕದು. ಆದರೆ ರಾಜಧಾನಿಯ ಹೊರಗಿನ ಊರೊಂದು ವೃತ್ತಿಪರ ತಂಡವನ್ನು ಉಳಿಸಿಕೊಳ್ಳಲು ಏನೇನು ಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಸಾಕಷ್ಟು ಉತ್ತರವಿದೆ.

ಲೀಗ್‌ನ ಹುಟ್ಟು

ಇಂಡಿಯನ್ ಪ್ರೀಮಿಯರ್ ಲೀಗ್ 2008ರಲ್ಲಿ ಆರಂಭವಾಗಿ ದೇಶದ ಕ್ರಿಕೆಟ್‌ನ ಹಣಕಾಸನ್ನೇ ಬದಲಿಸಿದ ಮರುವರ್ಷ, ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ಅದೇ ಮಾದರಿಯನ್ನು ರಾಜ್ಯದೊಳಗೆ ಪ್ರಯೋಗಿಸಿತು. ಆಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಬ್ರಿಜೇಶ್ ಪಟೇಲ್ ಕಾರ್ಯದರ್ಶಿಯಾಗಿದ್ದರು. ತಂಡಗಳನ್ನು ಖಾಸಗಿ ಮಾಲೀಕರಿಗೆ ನೀಡಲಾಯಿತು. ವಿದೇಶಿ ಆಟಗಾರರಿಗೂ ಹೊರ ರಾಜ್ಯದವರಿಗೂ ಅವಕಾಶವಿರಲಿಲ್ಲ. ರಾಜ್ಯ ಸಂಸ್ಥೆಯಲ್ಲಿ ನೋಂದಾಯಿತರಾದ ಆಟಗಾರರನ್ನೇ ಎಂಟು ತಂಡಗಳು ಹಂಚಿಕೊಳ್ಳಬೇಕಿತ್ತು.

ಆ ಎಂಟು ತಂಡಗಳೆಂದರೆ ಪ್ರಾವಿಡೆಂಟ್ ಬೆಂಗಳೂರು, ಬೆಂಗಳೂರು ಬ್ರಿಗೇಡಿಯರ್ಸ್, ಮೈಸೂರು ಮಹಾರಾಜಾಸ್, ಮಂಗಳೂರು ಯುನೈಟೆಡ್, ಬೆಳಗಾವಿ ಪ್ಯಾಂಥರ್ಸ್, ಬಿಜಾಪುರ ಬುಲ್ಸ್, ಮಲ್ನಾಡ್ ಗ್ಲಾಡಿಯೇಟರ್ಸ್ ಮತ್ತು ಶಾಮನೂರು ದಾವಣಗೆರೆ ಡೈಮಂಡ್ಸ್. ಮೊದಲ ವರ್ಷದ ಪ್ರಶಸ್ತಿ ಪ್ರಾವಿಡೆಂಟ್ ಬೆಂಗಳೂರು ಪಾಲಾಯಿತು. 2010ರಲ್ಲಿ ಮಂಗಳೂರು ಯುನೈಟೆಡ್ ಗೆದ್ದಿತು.

ಊರಿನ ಹೆಸರಿಗೆ ಮುನ್ನ ಮಾಲೀಕರ ಹೆಸರನ್ನು ಹೊತ್ತ ತಂಡಗಳು ಎರಡೇ. ಬೆಂಗಳೂರಿನದು ಮನೆಗಳನ್ನು ಕಟ್ಟುವ ಕಂಪನಿಯ ಹೆಸರಾದರೆ, ದಾವಣಗೆರೆಯದು ಮನೆತನದ ಹೆಸರು. ಶಾಮನೂರು ಮೂಲತಃ ನಗರದ ಅಂಚಿನ ಹಳ್ಳಿ. ಈಗ ಅದು ನಗರದೊಳಗೇ ಸೇರಿಹೋಗಿದೆ. ಉದ್ಯಮಿ ಹಾಗೂ ರಾಜಕಾರಣಿ ಶಾಮನೂರು ಶಿವಶಂಕರಪ್ಪನವರ ಕುಟುಂಬದಿಂದಾಗಿ ಆ ಹಳ್ಳಿಯ ಹೆಸರು ದಾವಣಗೆರೆಯ ವ್ಯಾಪಾರ, ಶಿಕ್ಷಣ, ರಾಜಕಾರಣಗಳಿಗೆಲ್ಲ ಅಂಟಿಕೊಂಡಿದೆ. ಕ್ರಿಕೆಟ್ ತಂಡಕ್ಕೂ ಅದೇ ಹೆಸರು ಬಂದದ್ದರಲ್ಲಿ ಊರಿನವರಿಗೆ ಅಚ್ಚರಿಯೇನೂ ಇರಲಿಲ್ಲ.

ಊರು ಮತ್ತು ಆಟ

ದಾವಣಗೆರೆ 1997ರ ಆಗಸ್ಟ್ 15ರಂದು ಚಿತ್ರದುರ್ಗದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾಯಿತು. ಅದಕ್ಕೂ ಬಹಳ ಹಿಂದೆಯೇ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿತ್ತು. ಪಕ್ಕದ ಹರಿಹರದಲ್ಲಿ ಲೇಥ್ ಯಂತ್ರಗಳಿಗೆ ಹೆಸರಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು; ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಹಾಕಿತು. ದುಡಿಮೆಯ ಊರು ಕಾಲೇಜುಗಳ ಊರಾಯಿತು. ಕ್ರಿಕೆಟ್ ಮಾತ್ರ ಎರಡೂ ಕಾಲಗಳಲ್ಲಿ ಬೀದಿಯ ಆಟವಾಗಿಯೇ ಉಳಿಯಿತು. ಸರಸ್ವತಿ ನಗರದಂಥ ಬಡಾವಣೆಗಳ ಖಾಲಿ ನಿವೇಶನಗಳಲ್ಲಿ ಟೆನಿಸ್ ಚೆಂಡಿನ ಆಟ ಕಲಿತ ಹುಡುಗರಿಗೆ ಹೈಸ್ಕೂಲ್ ಮೈದಾನವೇ ದೊಡ್ಡ ಕ್ರೀಡಾಂಗಣ. ಹೊನಲು ಬೆಳಕಿನಲ್ಲಿ ಅಲ್ಲಿ ನಡೆಯುವ ಟೆನಿಸ್ ಚೆಂಡಿನ ಟೂರ್ನಿಗಳಿಗೆ ಸೇರುವ ಜನಸಂದಣಿಯನ್ನು ಕಂಡವರು ಈ ಊರಿನಲ್ಲಿ ಪ್ರೇಕ್ಷಕರಿಗೆ ಕೊರತೆಯಿದೆ ಎಂದು ಹೇಳಲಾರರು.

ಚರ್ಮದ ಚೆಂಡಿನ ಆಟಕ್ಕೆ ಬಂದರೆ ಸ್ಥಿತಿ ಬೇರೆ. ಅದಕ್ಕೆ ಹದವಾಗಿ ಬೆಳೆಸಿದ ಟರ್ಫ್ ಪಿಚ್ ಬೇಕು, ಹಸಿರು ಅಂಗಣ ಬೇಕು, ಆಟಗಾರರ ಕೊಠಡಿಗಳು ಬೇಕು. ಟಿ.ವಿ. ಪ್ರಸಾರವಿದ್ದರೆ ಎತ್ತರದ ದೀಪಸ್ತಂಭಗಳೂ ಕ್ಯಾಮೆರಾ ಅಟ್ಟಣಿಗೆಗಳೂ ಬೇಕು. ಇವೆಲ್ಲ ರಾಜ್ಯದಲ್ಲಿ ಇದ್ದದ್ದು ಬೆರಳೆಣಿಕೆಯ ಊರುಗಳಲ್ಲಿ. ಬೆಂಗಳೂರಿನಿಂದ ಸುಮಾರು 260 ಕಿ.ಮೀ. ದೂರದ ದಾವಣಗೆರೆ ಅವುಗಳಲ್ಲಿ ಒಂದಾಗಿರಲಿಲ್ಲ. ಹೀಗಾಗಿ ಡೈಮಂಡ್ಸ್ ತಂಡ ತನ್ನ ಎರಡೂ ಋತುಗಳಲ್ಲಿ ತವರೂರಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ದಾವಣಗೆರೆಯ ಅಭಿಮಾನಿಗೆ ತನ್ನ ಊರಿನ ತಂಡವನ್ನು ನೋಡಲು ಟಿ.ವಿ.ಯನ್ನೋ ಬಸ್ಸನ್ನೋ ಹಿಡಿಯಬೇಕಾಯಿತು.

ಲೀಗ್ ನಿಂತ ಬಗೆ

ತಂಡದ ಅಂತ್ಯಕ್ಕೆ ಮೈದಾನದ ಸೋಲು ಕಾರಣವಲ್ಲ. ಅದು ಆಡುತ್ತಿದ್ದ ಲೀಗೇ ನಿಂತುಹೋಯಿತು. 2010ರ ನವೆಂಬರ್‌ನಲ್ಲಿ ನಡೆದ ರಾಜ್ಯ ಸಂಸ್ಥೆಯ ಚುನಾವಣೆಯಲ್ಲಿ ಅನಿಲ್ ಕುಂಬ್ಳೆ ಅಧ್ಯಕ್ಷರಾದರು, ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾದರು. ಆ ಆಡಳಿತದ ಮೂರು ವರ್ಷಗಳಲ್ಲಿ, ಅಂದರೆ 2011ರಿಂದ 2013ರವರೆಗೆ, ಕರ್ನಾಟಕ ಪ್ರೀಮಿಯರ್ ಲೀಗ್ ನಡೆಯಲೇ ಇಲ್ಲ. 2013ರ ಡಿಸೆಂಬರ್ ಚುನಾವಣೆಯಲ್ಲಿ ಕುಂಬ್ಳೆ ಸ್ಪರ್ಧಿಸಲಿಲ್ಲ. ಒಡೆಯರ್ ಬಣ ಮರಳಿ ಅಧಿಕಾರಕ್ಕೆ ಬಂದಿತು. ಬ್ರಿಜೇಶ್ ಪಟೇಲ್ ಮತ್ತೆ ಕಾರ್ಯದರ್ಶಿಯಾದರು. ಗೆದ್ದ ಕೆಲವೇ ದಿನಗಳಲ್ಲಿ, ಡಿಸೆಂಬರ್ 10ರಂದು, ಒಡೆಯರ್ ನಿಧನರಾದರು. ಮರುವರ್ಷ ಲೀಗ್ ಪುನರಾರಂಭಗೊಂಡಿತು.

ಒಂದು ಆಡಳಿತ ಹುಟ್ಟುಹಾಕಿದ ಲೀಗನ್ನು ಇನ್ನೊಂದು ಆಡಳಿತ ನಡೆಸಲಿಲ್ಲ; ಮೊದಲಿನವರು ಮರಳಿದೊಡನೆ ಅದೂ ಮರಳಿತು. ಚುನಾವಣೆಯ ಫಲಿತಾಂಶದ ಜತೆಗೆ ಬಂದುಹೋಗುವ ಟೂರ್ನಿಯನ್ನು ನಂಬಿ ಜಿಲ್ಲೆಯೊಂದರಲ್ಲಿ ಅಂಗಣ ಕಟ್ಟುವ, ಎಳೆಯರ ತಂಡ ಸಾಕುವ ಧೈರ್ಯ ಯಾವ ಮಾಲೀಕನಿಗೂ ಸುಲಭವಾಗಿ ಬಾರದು.

ಲೀಗ್ ಇಲ್ಲದ ಆ ಅವಧಿಯ ಇನ್ನೊಂದು ಸಂಗತಿಯನ್ನು ಇಲ್ಲಿ ಮರೆಯುವಂತಿಲ್ಲ. 1998-99ರ ಬಳಿಕ ರಣಜಿ ಟ್ರೋಫಿಯನ್ನೇ ಕಾಣದಿದ್ದ ಕರ್ನಾಟಕ 2013-14ರಲ್ಲಿ ಅದನ್ನು ಗೆದ್ದಿತು. ಅದೇ ಋತುವಿನಲ್ಲಿ ಇರಾನಿ ಕಪ್ ಹಾಗೂ ವಿಜಯ್ ಹಜಾರೆ ಟ್ರೋಫಿಗಳನ್ನೂ ಗೆದ್ದು, ಮರು ಋತುವಿನಲ್ಲಿ ಮೂರನ್ನೂ ಉಳಿಸಿಕೊಂಡಿತು. ಎರಡೂ ಬಾರಿ ರಣಜಿ ತಂಡದ ನಾಯಕರಾಗಿದ್ದವರು ದಾವಣಗೆರೆಯ ಆರ್. ವಿನಯ್ ಕುಮಾರ್.

ಊರಿನ ನಿಜವಾದ ತಾರೆ

1984ರ ಫೆಬ್ರುವರಿ 12ರಂದು ದಾವಣಗೆರೆಯಲ್ಲಿ ಜನಿಸಿದ ವಿನಯ್ ಕುಮಾರ್ ಆಟೋರಿಕ್ಷಾ ಚಾಲಕರ ಮಗ. 2004-05ರಲ್ಲಿ ರಾಜ್ಯ ತಂಡ ಸೇರಿದ ಈ ಮಧ್ಯಮ ವೇಗದ ಬೌಲರ್ 2010ರಲ್ಲಿ ಭಾರತದ ಪರ ಏಕದಿನ ಹಾಗೂ ಟ್ವೆಂಟಿ-20 ಪಂದ್ಯಗಳನ್ನು ಆಡಿದರು. ಅವರ ಏಕೈಕ ಟೆಸ್ಟ್ 2012ರ ಜನವರಿಯಲ್ಲಿ ಪರ್ತ್‌ನಲ್ಲಿ ನಡೆಯಿತು. ತಮಿಳುನಾಡು ವಿರುದ್ಧದ 2014-15ರ ರಣಜಿ ಫೈನಲ್‌ನಲ್ಲಿ ಅವರು ಮೊದಲು 5 ವಿಕೆಟ್ ಕಿತ್ತು, ಅನಂತರ ಅಜೇಯ 105 ರನ್ ಗಳಿಸಿದರು. 2021ರಲ್ಲಿ ನಿವೃತ್ತರಾಗುವ ವೇಳೆಗೆ ಪ್ರಥಮ ದರ್ಜೆಯಲ್ಲಿ 504 ವಿಕೆಟ್‌ಗಳು ಅವರ ಹೆಸರಿನಲ್ಲಿದ್ದವು. ದೇಶದ ಕ್ರಿಕೆಟ್ ಪುಟಗಳಲ್ಲಿ ಅವರಿಗಿದ್ದ ಅಡ್ಡಹೆಸರು ದಾವಣಗೆರೆ ಎಕ್ಸ್‌ಪ್ರೆಸ್. ಎರಡು ವರ್ಷದ ತಂಡಕ್ಕಿಂತ ಆ ಅಡ್ಡಹೆಸರೇ ಊರಿಗೆ ಹೆಚ್ಚು ಖ್ಯಾತಿ ತಂದಿತೆನ್ನಬೇಕು.

ಡೈಮಂಡ್ಸ್ ಇಲ್ಲದ ಲೀಗ್

2014ರ ಬಳಿಕ ಬೆಳಗಾವಿ, ಬಿಜಾಪುರ, ಮಂಗಳೂರು ತಂಡಗಳ ಹೆಸರುಗಳು ಮುಂದುವರಿದವು. ಮೈಸೂರು ತಂಡ ವಾರಿಯರ್ಸ್ ಎಂಬ ಹೊಸ ಹೆಸರು ಪಡೆಯಿತು. ಹುಬ್ಬಳ್ಳಿ ಟೈಗರ್ಸ್, ಬಳ್ಳಾರಿ ಟಸ್ಕರ್ಸ್ ತಂಡಗಳು ಹುಟ್ಟಿದವು. ಸಿನಿಮಾ ನಟರ ರಾಕ್‌ಸ್ಟಾರ್ಸ್ ತಂಡಕ್ಕೂ ಸ್ಥಾನ ಸಿಕ್ಕಿತು. ಮಲ್ನಾಡ್ ಗ್ಲಾಡಿಯೇಟರ್ಸ್ ಮರಳದಿದ್ದರೂ ಆ ಸೀಮೆಗೆ ಮುಂದೆ ನಮ್ಮ ಶಿವಮೊಗ್ಗ ತಂಡದ ರೂಪದಲ್ಲಿ ಪ್ರಾತಿನಿಧ್ಯ ದೊರಕಿತು. ದಾವಣಗೆರೆಗೆ ಮಾತ್ರ ಬದಲಿ ಬರಲಿಲ್ಲ. ಹುಬ್ಬಳ್ಳಿ, ಮೈಸೂರುಗಳಲ್ಲಿ ರಾಜ್ಯ ಸಂಸ್ಥೆಯ ಸುಸಜ್ಜಿತ ಅಂಗಣಗಳಿದ್ದವು, ಲೀಗ್‌ನ ಪಂದ್ಯಗಳೂ ಅಲ್ಲಿ ನಡೆದವು ಎಂಬುದನ್ನು ಗಮನಿಸಿದರೆ, ಯಾವ ಊರಿನ ತಂಡ ಏಕೆ ಬಾಳಿತೆಂಬುದು ತಕ್ಕಮಟ್ಟಿಗೆ ಅರ್ಥವಾಗುತ್ತದೆ.

ಪ್ರಶಸ್ತಿಯು 2014ರಲ್ಲಿ ಮೈಸೂರು ವಾರಿಯರ್ಸ್, 2015ರಲ್ಲಿ ಬಿಜಾಪುರ ಬುಲ್ಸ್, 2016ರಲ್ಲಿ ಬಳ್ಳಾರಿ ಟಸ್ಕರ್ಸ್, 2017ರಲ್ಲಿ ಬೆಳಗಾವಿ ಪ್ಯಾಂಥರ್ಸ್, 2018ರಲ್ಲಿ ಮತ್ತೆ ಬಿಜಾಪುರ ಬುಲ್ಸ್, 2019ರಲ್ಲಿ ಹುಬ್ಬಳ್ಳಿ ಟೈಗರ್ಸ್ ಪಾಲಾಯಿತು. ಜಿಲ್ಲೆಯ ಹುಡುಗರಿಗೆ ಈ ಲೀಗ್ ಎಂಥ ಬಾಗಿಲಾಗಿತ್ತು ಎಂಬುದಕ್ಕೆ ಕೊಡಗಿನ ಕೆ.ಸಿ. ಕಾರ್ಯಪ್ಪ ನಿದರ್ಶನ. ಬಿಜಾಪುರ ಬುಲ್ಸ್ ಪರ ಸ್ಪಿನ್ ಮಾಡಿದ್ದ ಅವರನ್ನು, ಒಂದೂ ಪ್ರಥಮ ದರ್ಜೆ ಪಂದ್ಯ ಆಡಿರದಿದ್ದಾಗಲೇ, 2015ರ ಐಪಿಎಲ್ ಹರಾಜಿನಲ್ಲಿ ಕೋಲ್ಕತ್ತ ನೈಟ್ ರೈಡರ್ಸ್ 2.40 ಕೋಟಿ ರೂಪಾಯಿಗೆ ಕೊಂಡಿತು. ಹಾಗೆಂದು ಲೀಗ್‌ನ ಪಂದ್ಯಗಳಿಗೆ ಅಧಿಕೃತ ಟ್ವೆಂಟಿ-20 ಮಾನ್ಯತೆಯೂ ಇರಲಿಲ್ಲ. 2019ರ ಆಗಸ್ಟ್‌ನಲ್ಲಿ ಬಳ್ಳಾರಿಯ ಕೆ. ಗೌತಮ್ ಶಿವಮೊಗ್ಗ ವಿರುದ್ಧ 56 ಎಸೆತಗಳಲ್ಲಿ ಅಜೇಯ 134 ರನ್ ಬಾರಿಸಿ, ಅದೇ ಪಂದ್ಯದಲ್ಲಿ 15 ರನ್ನಿಗೆ 8 ವಿಕೆಟ್ ಪಡೆದರು. ಜಗತ್ತಿನ ದಾಖಲೆಗಳ ಪುಸ್ತಕದಲ್ಲಿ ಆ ಸಾಧನೆಗೆ ಜಾಗವಿಲ್ಲ.

ಅದೇ 2019ರ ಋತು ಲೀಗ್‌ನ ಕೊನೆಯದೂ ಆಯಿತು. ಬೆಟ್ಟಿಂಗ್ ಹಾಗೂ ಮೋಸದಾಟದ ಆರೋಪದ ಮೇಲೆ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ತಂಡವೊಂದರ ಮಾಲೀಕರನ್ನೂ ತರಬೇತುದಾರರನ್ನೂ ಆಟಗಾರರನ್ನೂ ಬಂಧಿಸಿದರು. ಹುಬ್ಬಳ್ಳಿ ಎಂಟು ರನ್ನುಗಳಿಂದ ಗೆದ್ದ ಫೈನಲ್ ಕೂಡ ತನಿಖೆಗೆ ಒಳಪಟ್ಟಿತು. ಭಾರತೀಯ ದಂಡ ಸಂಹಿತೆಯಲ್ಲಿನ ವಂಚನೆಯ ವ್ಯಾಖ್ಯೆಗೆ ಮ್ಯಾಚ್ ಫಿಕ್ಸಿಂಗ್ ಒಳಪಡುವುದಿಲ್ಲವೆಂದು ಹೇಳಿ ಕರ್ನಾಟಕ ಹೈಕೋರ್ಟ್ 2022ರ ಜನವರಿಯಲ್ಲಿ ಕೆಲವು ಆರೋಪಿಗಳ ಮೇಲಿನ ಪ್ರಕರಣವನ್ನು ರದ್ದುಪಡಿಸಿತು. ಆದರೆ ಕೆಟ್ಟ ಹೆಸರು ಉಳಿಯಿತು. ಚಿಕ್ಕ ಲೀಗ್‌ಗಳಲ್ಲಿ ಆಟಗಾರನ ಸಂಬಳ ಕಡಿಮೆ, ಬೆಟ್ಟಿಂಗ್ ಪೇಟೆಯಲ್ಲಿ ಓಡಾಡುವ ಹಣ ಹೆಚ್ಚು. ಈ ಅಂತರ ಅಪಾಯದ್ದೆಂಬುದು ಇಲ್ಲಿಯೂ ಕಂಡುಬಂದಿತು.

2022ರಲ್ಲಿ ರಾಜ್ಯ ಸಂಸ್ಥೆಯು ದಿವಂಗತ ಒಡೆಯರ್ ಸ್ಮರಣಾರ್ಥ ಮಹಾರಾಜ ಟ್ರೋಫಿಯನ್ನು ಆರಂಭಿಸಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ ಹೆಸರಿನ ಆರು ತಂಡಗಳು ಅದರಲ್ಲಿ ಆಡಿದವು. ಮೊದಲ ನಾಲ್ಕು ವರ್ಷಗಳ ವಿಜೇತರು ಕ್ರಮವಾಗಿ ಗುಲ್ಬರ್ಗ ಮಿಸ್ಟಿಕ್ಸ್, ಹುಬ್ಬಳ್ಳಿ ಟೈಗರ್ಸ್, ಮೈಸೂರು ವಾರಿಯರ್ಸ್, ಮಂಗಳೂರು ಡ್ರ್ಯಾಗನ್ಸ್. ತಂಡಗಳ ಸಂಖ್ಯೆ ಎಂಟರಿಂದ ಆರಕ್ಕಿಳಿದಾಗ ಹೊರಗುಳಿಯುವುದು ನಡುವಿನ ಊರುಗಳೇ.

ಹೊರದೇಶದ ಎರಡು ಊರುಗಳು

ಚಿಕ್ಕ ಊರಿನ ವೃತ್ತಿಪರ ತಂಡಕ್ಕೆ ಅಳಿವು-ಉಳಿವಿನ ಪ್ರಶ್ನೆ ನಮ್ಮಲ್ಲಿ ಮಾತ್ರವಿಲ್ಲ. ಅಮೆರಿಕದಲ್ಲಿ ಐಸ್ ಹಾಕಿಯ ಪ್ರಧಾನ ಲೀಗ್‌ನ ಕೆಳಗೆ ಇಂಥ ಹಲವು ಕಿರಿಯ ಲೀಗ್‌ಗಳಿವೆ. ಪೆನ್ಸಿಲ್ವೇನಿಯಾ ರಾಜ್ಯದ ಹರ್ಷಿ ಎಂಬುದು ಚಾಕೊಲೇಟ್ ಕಾರ್ಖಾನೆಯ ಸುತ್ತ ಬೆಳೆದ ಪುಟ್ಟ ಊರು. ಅಲ್ಲಿನ ಹರ್ಷಿ ಬೇರ್ಸ್ ತಂಡ 1938ರಿಂದ ಅಮೆರಿಕನ್ ಹಾಕಿ ಲೀಗ್‌ನಲ್ಲಿ ತಡೆಯಿಲ್ಲದೆ ಆಡುತ್ತ ಬಂದಿದ್ದು, 2024ರ ವೇಳೆಗೆ 13 ಬಾರಿ ಕಾಲ್ಡರ್ ಕಪ್ ಗೆದ್ದಿತ್ತು. ತಂಡ ಲೀಗ್ ಸೇರುವುದಕ್ಕೆ ಎರಡು ವರ್ಷ ಮೊದಲೇ, 1936ರಲ್ಲಿ, ಊರಿನಲ್ಲಿ ಸಾವಿರಾರು ಮಂದಿ ಕೂರುವ ಹಿಮದಂಗಣ ಸಿದ್ಧವಾಗಿತ್ತು. 2005ರಿಂದ ಅದು ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಅಂಗಸಂಸ್ಥೆ. ದೊಡ್ಡ ತಂಡವೇ ಆಟಗಾರರನ್ನು ಕಳಿಸಿ ಪಳಗಿಸಿಕೊಳ್ಳುತ್ತದೆ.

ಅದೇ ರಾಜ್ಯದ ಜಾನ್ಸ್‌ಟೌನ್ ಉಕ್ಕಿನ ಗಿರಣಿಗಳ ಊರು. ದಾವಣಗೆರೆಯಂತೆ ಅದೂ ಗಿರಣಿಗಳನ್ನು ಕಳೆದುಕೊಂಡಿತು. ಅಲ್ಲಿನ ಜಾನ್ಸ್‌ಟೌನ್ ಚೀಫ್ಸ್ ತಂಡ 1988ರಿಂದ 2010ರವರೆಗೆ 22 ವರ್ಷ ಆಡಿ, ಕೊನೆಗೆ ದಕ್ಷಿಣದ ಗ್ರೀನ್‌ವಿಲ್ ನಗರಕ್ಕೆ ಸ್ಥಳಾಂತರಗೊಂಡಿತು. ಕಳೆದುಕೊಂಡರೂ ಜಾನ್ಸ್‌ಟೌನಿನವರು ಅಷ್ಟು ವರ್ಷ ತಮ್ಮ ತಂಡವನ್ನು ತಮ್ಮೂರಿನ ಅಂಗಣದಲ್ಲೇ ಕಂಡಿದ್ದರು.

ಡೈಮಂಡ್ಸ್ ವಿಷಯದಲ್ಲಿ ಇದ್ದದ್ದು ಹೆಸರು, ಮಾಲೀಕತ್ವ ಮತ್ತು ಎರಡು ವರ್ಷದ ವೇಳಾಪಟ್ಟಿ. ಇಲ್ಲದ್ದು ಅಂಗಣ. 2025ರ ಮಹಾರಾಜ ಟ್ರೋಫಿ ಮುಗಿಯುವವರೆಗೂ ದಾವಣಗೆರೆ, ಹರಿಹರಗಳ ಆಟಗಾರರು ಟ್ವೆಂಟಿ-20 ಲೀಗ್ ಆಡಬೇಕಿದ್ದರೆ ಶಿವಮೊಗ್ಗ, ಹುಬ್ಬಳ್ಳಿಯಂಥ ಬೇರೆ ಊರಿನ ಅಂಗಿಯನ್ನೇ ತೊಡಬೇಕಾಗಿತ್ತು.